ಎರ್ನ್ಸ್ಟ್ ಅಬ್ಬೆ: ಒಡೆತನವನ್ನು ಬಿಟ್ಟುಕೊಟ್ಟ ಒಡೆಯ

ಸೂಕ್ಷ್ಮದರ್ಶಕದ ಇತಿಹಾಸವನ್ನು ಬರೆಯುವವರಾರೂ ಎರ್ನ್ಸ್ಟ್ ಅಬ್ಬೆಯವರ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಬೆಳಕಿನ ನೆರವಿನಿಂದ ಎಷ್ಟು ಸೂಕ್ಷ್ಮವಾದುದನ್ನು ಕಾಣಬಹುದು ಎಂಬುದಕ್ಕೆ ಪ್ರಕೃತಿಯೇ ಹಾಕಿರುವ ಗಡಿಯನ್ನು 1873ರಲ್ಲಿ ತೋರಿಸಿಕೊಟ್ಟವರು ಅವರು. ಯೇನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ, ಕಾರ್ಲ್ ಜೈಸ್ ಕಾರ್ಖಾನೆಯ ಪಾಲುದಾರರಾಗಿ ಅವರು ಗಳಿಸಿದ ಕೀರ್ತಿ ದೊಡ್ಡದು. ಹಳಗನ್ನಡದಲ್ಲಿಯೂ ಇಂದಿನ ಹವ್ಯಕರ ಮಾತಿನಲ್ಲಿಯೂ ಅಬ್ಬೆ ಎಂದರೆ ತಾಯಿಯಾದ್ದರಿಂದ, ಕನ್ನಡದ ಕಿವಿಗೆ ಆ ಹೆಸರು ಆಕಸ್ಮಿಕವಾಗಿಯಾದರೂ ಆಪ್ತವೆನಿಸುತ್ತದೆ.

ಈ ಲೇಖನದಲ್ಲಿ ನಾನು ವಿವರಿಸಬಯಸುವುದು ಅವರ ವಿಜ್ಞಾನಕ್ಕಿಂತ ಹೆಚ್ಚಾಗಿ ಅವರು ಕಾರ್ಖಾನೆಯೊಳಗೆ ಕೈಗೊಂಡ ಪ್ರಯೋಗವನ್ನು. ದುಡಿಯುವವನಿಗೆ ತನ್ನ ದುಡಿಮೆಯ ತಾಣದ ತೀರ್ಮಾನಗಳಲ್ಲಿ ಮಾತನಾಡುವ ಅಧಿಕಾರವಿದೆಯೇ? ಇದ್ದರೆ ಅದು ಒಡೆಯನು ಕೊಡುವ ದಾನವೇ, ಯಾರೂ ಕಿತ್ತುಕೊಳ್ಳಲಾಗದ ಹಕ್ಕೇ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರಶ್ನೆಯನ್ನು ಹೊತ್ತು ತಿರುಗಿದ ಕೆಲವೇ ಉದ್ಯಮಿಗಳಲ್ಲಿ ಅಬ್ಬೆಯವರೂ ಒಬ್ಬರು. ಅವರು ಕೊಟ್ಟ ಉತ್ತರ ಅರ್ಧ ದಾರಿಯವರೆಗೆ ಬಂದಿತು. ಆ ಅರ್ಧ ದಾರಿಯೂ, ಅದು ನಿಂತ ಸ್ಥಳವೂ ಇಂದು ಜರ್ಮನಿಯಲ್ಲಿ ನೌಕರಿ ಮಾಡುತ್ತಿರುವ ನಮ್ಮಂಥವರಿಗೆ ಸಂಬಂಧಿಸಿದವು.

ಗಿರಣಿಯ ಮೇಸ್ತ್ರಿಯ ಮಗ

ಅಬ್ಬೆಯವರು ಜನಿಸಿದ್ದು 1840ರ ಜನವರಿ 23ರಂದು, ಥುರಿಂಗಿಯಾ ಸೀಮೆಯ ಐಸೆನಾಕ್ ಪಟ್ಟಣದಲ್ಲಿ. ತಂದೆ ನೂಲಿನ ಗಿರಣಿಯಲ್ಲಿ ಕೆಲಸಗಾರರಾಗಿದ್ದು ಮುಂದೆ ಮೇಸ್ತ್ರಿಯಾದವರು. ಆ ಕಾಲದ ಗಿರಣಿಯ ದಿನವೆಂದರೆ ಹದಿನಾಲ್ಕು, ಹದಿನೈದು, ಕೆಲವೊಮ್ಮೆ ಹದಿನಾರು ಗಂಟೆಗಳ ದುಡಿಮೆ. ನಡುವೆ ಊಟಕ್ಕೆಂದು ಬಿಡುವಿರಲಿಲ್ಲ. ಮಧ್ಯಾಹ್ನದ ಊಟವನ್ನು ಮನೆಯಿಂದ ಹೊತ್ತು ತರುವ ಕೆಲಸ ಮಕ್ಕಳದು. ಅಬ್ಬೆ ಮತ್ತು ಅವರ ತಂಗಿ ಸರದಿಯಂತೆ ಪಾತ್ರೆ ಹಿಡಿದು ಗಿರಣಿಗೆ ಹೋಗುತ್ತಿದ್ದರು. ತಂದೆ ಯಂತ್ರಕ್ಕೆ ಒರಗಿ ನಿಂತೇ ಅವಸರದಲ್ಲಿ ಉಂಡು, ಬರಿದಾದ ಪಾತ್ರೆಯನ್ನು ಮಗುವಿನ ಕೈಗಿತ್ತು, ಮರುಕ್ಷಣವೇ ಕೆಲಸಕ್ಕೆ ತಿರುಗುತ್ತಿದ್ದರು. ಎತ್ತರದ ಬಲಿಷ್ಠ ದೇಹದ ಆ ಮನುಷ್ಯ ನಲವತ್ತೆಂಟನೆಯ ವಯಸ್ಸಿಗೇ ನೋಡಲು ಮುದುಕರಾಗಿಬಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ, ಕೆಲಸದ ಅವಧಿಯನ್ನು ಕುರಿತು ಉಪನ್ಯಾಸ ಮಾಡುವಾಗ ಅಬ್ಬೆಯವರು ಈ ನೆನಪನ್ನು ಸಭೆಯ ಮುಂದಿಟ್ಟರು. ಅಂಕಿ ಅಂಶಗಳ ನಡುವೆ ಬಂದ ಈ ಒಂದು ಚಿತ್ರ ಅವರ ಉಳಿದೆಲ್ಲ ಕಾರ್ಯಕ್ಕೆ ಬೀಗದ ಕೈಯಂತಿದೆ.

ಬಾಲಕನ ಬುದ್ಧಿಶಕ್ತಿ ಗಿರಣಿಯ ಮಾಲೀಕರ ಗಮನಕ್ಕೆ ಬಂದು ಶಾಲೆಯ ವೆಚ್ಚಕ್ಕೆ ಅವರ ನೆರವು ದೊರೆಯಿತು. ತಂದೆಯ ಆಯುಷ್ಯವನ್ನು ಸವೆಸಿದ ಗಿರಣಿಯೇ ಮಗನಿಗೆ ವಿದ್ಯೆಯನ್ನೂ ಕೊಟ್ಟಿತು. ಉಪಕಾರವೆಂಬುದು ಪಡೆಯುವವನನ್ನು ಹೇಗೆ ಋಣದ ಭಾರದಲ್ಲಿಡುತ್ತದೆ ಎಂಬುದನ್ನು ಅಬ್ಬೆ ಒಳಗಿನಿಂದ ಬಲ್ಲವರಾಗಿದ್ದರು. ಮುಂದೆ ಅವರು ಕಾರ್ಮಿಕರಿಗೆ ನೀಡಿದ ಪ್ರತಿಯೊಂದನ್ನೂ ಉಪಕಾರವೆಂದು ಕರೆಯದೆ ನಿಯಮವಾಗಿ ಬರೆದಿಟ್ಟದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನಗೆ ತೋರುತ್ತದೆ.

ಯೇನಾದಲ್ಲಿಯೂ ಗಾಟಿಂಗೆನ್‌ನಲ್ಲಿಯೂ ಗಣಿತ, ಭೌತವಿಜ್ಞಾನಗಳನ್ನು ಅಭ್ಯಾಸ ಮಾಡಿ 1861ರಲ್ಲಿ ಡಾಕ್ಟರೇಟ್ ಪಡೆದರು. ಗಾಟಿಂಗೆನ್‌ನಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಗಣಿತಜ್ಞ ರೀಮನ್, ಭೌತವಿಜ್ಞಾನಿ ವಿಲ್ಹೆಲ್ಮ್ ವೆಬರ್ ಸೇರಿದ್ದರು. 1863ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಆರಂಭಿಸಿದ ಅಬ್ಬೆಯವರು ಬದುಕಿನ ಕೊನೆಯವರೆಗೂ ಆ ಊರನ್ನು ಬಿಡಲಿಲ್ಲ.

ಕೈಯಿಂದ ಕಾಗದಕ್ಕೆ

ಕಾರ್ಲ್ ಜೈಸ್ ಎಂಬ ಯಂತ್ರಶಿಲ್ಪಿ 1846ರಲ್ಲಿ ಯೇನಾದಲ್ಲಿ ಒಂದು ಸಣ್ಣ ಕಾರ್ಯಾಗಾರವನ್ನು ತೆರೆದಿದ್ದರು. ಇಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಸಾವಿರ ಸೂಕ್ಷ್ಮದರ್ಶಕಗಳು ಹೊರಬಂದವು. ಒಳ್ಳೆಯ ಮಸೂರವನ್ನು ಮಾಡುವ ವಿಧಾನ ಆಗ ಎಲ್ಲೆಡೆಯೂ ಒಂದೇ ಆಗಿತ್ತು: ಪಳಗಿದ ಕೆಲಸಗಾರ ಗಾಜನ್ನು ಉಜ್ಜುತ್ತಾನೆ, ಜೋಡಿಸುತ್ತಾನೆ, ಕಣ್ಣಿಟ್ಟು ನೋಡುತ್ತಾನೆ, ಸರಿಬಾರದಿದ್ದರೆ ಮತ್ತೆ ಬದಲಾಯಿಸುತ್ತಾನೆ. ಇದನ್ನು ಲೆಕ್ಕಾಚಾರದಿಂದಲೇ ಮೊದಲು ನಿರ್ಧರಿಸಲು ಸಾಧ್ಯವೇ ಎಂದು ಜೈಸ್ 1866ರಲ್ಲಿ ಅಬ್ಬೆಯವರ ನೆರವು ಕೋರಿದರು.

ಮೊದಮೊದಲು ಲೆಕ್ಕ ಹಾಕಿ ಮಾಡಿದ ಮಸೂರಗಳು ಕೈಯಂದಾಜಿನಲ್ಲಿ ಮಾಡಿದವುಗಳಿಗಿಂತ ಕಳಪೆಯಾದವು. ಕಾರಣವನ್ನು ಹುಡುಕುತ್ತ ಹೋದ ಅಬ್ಬೆಯವರಿಗೆ ಬಿಂಬ ಮೂಡುವ ಬಗೆಯನ್ನೇ ಹೊಸದಾಗಿ ಅರ್ಥ ಮಾಡಿಕೊಳ್ಳಬೇಕಾಯಿತು. ವಸ್ತುವಿನ ಸೂಕ್ಷ್ಮ ವಿವರಗಳಿಗೆ ತಾಗಿ ಬೆಳಕು ಚದರುತ್ತದೆ. ಚದರಿದ ಕಿರಣಗಳನ್ನು ಸಾಕಷ್ಟು ಅಗಲವಾಗಿ ಒಳಕ್ಕೆ ಬಿಟ್ಟುಕೊಳ್ಳುವ ಮಸೂರ ಮಾತ್ರ ಆ ವಿವರಗಳನ್ನು ತೋರಿಸಬಲ್ಲದು. ಈ ತಿಳಿವಿನಿಂದ 1873ರ ಸಿದ್ಧಾಂತ ಹುಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ ಜೈಸ್ ಕಾರ್ಯಾಗಾರದ ಸೂಕ್ಷ್ಮದರ್ಶಕಗಳೆಲ್ಲ ಲೆಕ್ಕಾಚಾರದ ಮೇಲೆಯೇ ತಯಾರಾಗತೊಡಗಿದ್ದವು. 1876ರಲ್ಲಿ ಅಬ್ಬೆ ಪಾಲುದಾರರಾದರು. ಗಾಜಿನ ರಸಾಯನ ಬಲ್ಲ ಒಟ್ಟೋ ಷಾಟ್ ಅವರೊಡನೆ ಸೇರಿ 1884ರಲ್ಲಿ ಗಾಜಿನ ಪ್ರಯೋಗಾಲಯ ಆರಂಭವಾಯಿತು. ಎರಡು ವರ್ಷಗಳಲ್ಲಿ, ಹೊಸ ಬಗೆಯ ಗಾಜಿನಿಂದ, ಬಣ್ಣದ ದೋಷಗಳನ್ನು ಬಹುಮಟ್ಟಿಗೆ ನೀಗಿಸಿದ ಮಸೂರಗಳು ಬಂದವು. ರಾಬರ್ಟ್ ಕೋಖ್ ಕ್ಷಯರೋಗದ ಸೂಕ್ಷ್ಮಾಣುವನ್ನು 1882ರಲ್ಲಿ ಕಂಡದ್ದು ಜೈಸ್ ಮಸೂರ ಹಾಗೂ ಅಬ್ಬೆ ರೂಪಿಸಿದ ಬೆಳಕಿನ ಸಾಧನದ ನೆರವಿನಿಂದಲೇ.

ಇಲ್ಲೊಂದು ಮಾತನ್ನು ಗಮನಿಸಬೇಕು. ಮಸೂರ ಹೇಗಿರಬೇಕೆಂಬ ತೀರ್ಮಾನ ಮೊದಲು ಕೆಲಸಗಾರನ ಕೈಯಲ್ಲಿಯೂ ಕಣ್ಣಿನಲ್ಲಿಯೂ ಇತ್ತು. ಅಬ್ಬೆಯವರ ಸಮೀಕರಣಗಳು ಅದನ್ನು ಲೆಕ್ಕದ ಕೋಣೆಯ ಕಾಗದಕ್ಕೆ ಸಾಗಿಸಿದವು. ಮೊದಲೇ ಗೊತ್ತುಮಾಡಿದ ಅಳತೆಗೆ ತಕ್ಕಂತೆ ಒಂದೊಂದು ಭಾಗವನ್ನು ಮಾಡಿಕೊಡುವುದು ಕೆಲಸಗಾರನ ಪಾಲಿಗೆ ಉಳಿಯಿತು. ವಸ್ತುವಿನ ಗುಣಮಟ್ಟ ಏರಿತು, ವ್ಯಾಪಾರ ಬೆಳೆಯಿತು, ಕಾರ್ಯಾಗಾರ ಕಾರ್ಖಾನೆಯಾಯಿತು. ದುಡಿಯುವವನ ವಿವೇಚನೆಗೆ ಇದ್ದ ಸ್ಥಾನ ಮಾತ್ರ ಕಿರಿದಾಯಿತು. ಇಂದಿನ ನಮ್ಮ ಕಚೇರಿಗಳಲ್ಲಿ ಹೊಸ ತಂತ್ರಾಂಶ ಬಂದಾಗಲೆಲ್ಲ ನಡೆಯುವುದೂ ಇದೇ. ಕಾರ್ಮಿಕನ ಕೈಯಿಂದ ತೀರ್ಮಾನವನ್ನು ತೆಗೆದುಕೊಂಡ ವಿಜ್ಞಾನಿಯೇ ಕಾರ್ಮಿಕನಿಗೆ ಇನ್ನೊಂದು ದಾರಿಯಿಂದ ಮಾತನ್ನು ಮರಳಿಸಲು ಹೊರಟದ್ದು ನನ್ನನ್ನು ಬಹುವಾಗಿ ಚಿಂತನೆಗೆ ಹಚ್ಚಿದ ಸಂಗತಿ.

ಪ್ರತಿಷ್ಠಾನ

1888ರಲ್ಲಿ ಕಾರ್ಲ್ ಜೈಸ್ ತೀರಿಕೊಂಡರು. ಮರುವರ್ಷ ಅಬ್ಬೆಯವರು ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ ಅದಕ್ಕೆ ತಮ್ಮ ಹೆಸರಿಡದೆ ಕಾರ್ಲ್ ಜೈಸ್ ಅವರ ಹೆಸರನ್ನಿಟ್ಟರು. 1891ರಲ್ಲಿ ಜೈಸ್ ಅವರ ಮಗನ ಪಾಲೂ ಸೇರಿದಂತೆ ಇಡೀ ಕಾರ್ಖಾನೆಯ ಒಡೆತನ ಪ್ರತಿಷ್ಠಾನಕ್ಕೆ ವರ್ಗವಾಯಿತು. ಗಾಜಿನ ಕಾರ್ಖಾನೆಯಲ್ಲಿದ್ದ ಪಾಲೂ ಅದರೊಡನೆ ಹೋಯಿತು. ಅಂದಿನಿಂದ ಅಬ್ಬೆಯವರು ತಮ್ಮದೇ ಕಾರ್ಖಾನೆಯಲ್ಲಿ ಸಂಬಳ ಪಡೆಯುವ ಆಡಳಿತಗಾರರಲ್ಲಿ ಒಬ್ಬರಾದರು.

ಅವರ ತರ್ಕ ಸರಳವಾಗಿತ್ತು. ಕಾರ್ಖಾನೆಯ ಸಂಪತ್ತು ಒಬ್ಬನ ಬುದ್ಧಿಯಿಂದ ಹುಟ್ಟಿದ್ದಲ್ಲ. ತಲೆಮಾರುಗಳ ಕೆಲಸಗಾರರ ಕೂಡುದುಡಿಮೆ, ವಿಶ್ವವಿದ್ಯಾಲಯದಲ್ಲಿ ಬೆಳೆದ ವಿಜ್ಞಾನ, ವ್ಯವಸ್ಥಿತವಾದ ಸಂಘಟನೆ ಎಲ್ಲವೂ ಕೂಡಿ ಅದನ್ನು ಹುಟ್ಟಿಸಿವೆ. ಆದ್ದರಿಂದ ಅದರ ಫಲವೂ ಕಾರ್ಖಾನೆಯ ಭವಿಷ್ಯಕ್ಕೆ, ಅಲ್ಲಿ ದುಡಿಯುವವರಿಗೆ, ವಿಶ್ವವಿದ್ಯಾಲಯಕ್ಕೆ ಮತ್ತು ಊರಿಗೆ ಸಲ್ಲಬೇಕು. ಪ್ರತಿಷ್ಠಾನದ ಹಣದಿಂದ ಯೇನಾ ವಿಶ್ವವಿದ್ಯಾಲಯ ಬೆಳೆಯಿತು. 1896ರಲ್ಲಿ ಊರಿಗೆ ಸಾರ್ವಜನಿಕ ವಾಚನಾಲಯ ಬಂದು, ಎಲ್ಲ ಪಕ್ಷಗಳ ಪತ್ರಿಕೆಗಳೂ ಅಲ್ಲಿ ಓದಲು ಸಿಕ್ಕವು. 1903ರಲ್ಲಿ ತೆರೆದ ಜನತಾಭವನದ ಬಾಗಿಲು ಯಾವ ಪಕ್ಷದ ಸಭೆಗೂ ಮುಚ್ಚಿರಲಿಲ್ಲ. ಸಮಾಜವಾದಿಗಳ ಸಭೆಗಳಿಗೆ ಆಡಳಿತವು ಅಡ್ಡಿಪಡಿಸುತ್ತಿದ್ದ ಆ ಕಾಲದಲ್ಲಿ, ತಾವು ಸಮಾಜವಾದಿ ಪಕ್ಷದವರಲ್ಲದಿದ್ದರೂ ಅಬ್ಬೆಯವರು ಸಭಾಸ್ವಾತಂತ್ರ್ಯದ ಪರವಾಗಿ ಬಹಿರಂಗವಾಗಿ ವಾದಿಸಿದರು.

1896ರ ನಿಬಂಧನಾವಳಿ

ಪ್ರತಿಷ್ಠಾನದ ನಿಬಂಧನಾವಳಿ ಜಾರಿಗೆ ಬಂದದ್ದು 1896ರಲ್ಲಿ. ಅಬ್ಬೆಯವರೇ ವರ್ಷಗಟ್ಟಲೆ ಕುಳಿತು ರಚಿಸಿದ ಆ ದಾಖಲೆಯನ್ನು ಒಂದು ಸಣ್ಣ ಸಂವಿಧಾನವೆಂದರೂ ಸಲ್ಲುತ್ತದೆ. ನೌಕರರನ್ನು ತೆಗೆದುಕೊಳ್ಳುವಾಗ, ಬಡ್ತಿ ಕೊಡುವಾಗ ಹುಟ್ಟು, ಧರ್ಮ, ರಾಜಕೀಯ ಪಕ್ಷಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅದು ವಿಧಿಸಿತು. ನಿವೃತ್ತಿ ವೇತನ, ಸಂಬಳ ಸಹಿತ ರಜೆ, ಲಾಭದಲ್ಲಿ ಪಾಲು, ತನ್ನದಲ್ಲದ ಕಾರಣಕ್ಕೆ ಕೆಲಸ ಕಳೆದುಕೊಂಡವನಿಗೆ ಪರಿಹಾರ ಇವೆಲ್ಲ ಹಕ್ಕುಗಳಾದವು. ಆಡಳಿತ ಮಂಡಳಿಯ ಅತ್ಯುನ್ನತ ಅಧಿಕಾರಿಯ ಸಂಬಳವೂ ಕಾರ್ಮಿಕರ ಸರಾಸರಿ ವಾರ್ಷಿಕ ಗಳಿಕೆಯ ಹತ್ತು ಪಟ್ಟನ್ನು ಮೀರುವಂತಿರಲಿಲ್ಲ. ಆ ಮಿತಿ ಅಬ್ಬೆಯವರಿಗೂ ಅನ್ವಯಿಸುತ್ತಿತ್ತು.

ನಮ್ಮ ವಿಷಯಕ್ಕೆ ಮುಖ್ಯವಾದುದು ಕಾರ್ಮಿಕರ ಸಮಿತಿಯನ್ನು ಕುರಿತ ಭಾಗ. ಕಾರ್ಮಿಕರು ತಾವೇ ಚುನಾಯಿಸುವ ಈ ಸಮಿತಿಗೆ ಕಾರ್ಖಾನೆಯ ಯಾವುದೇ ವಿಷಯವನ್ನು ತಾನಾಗಿ ಎತ್ತಿ ಆಡಳಿತದ ಮುಂದೆ ಅಭಿಪ್ರಾಯ ಹೇಳುವ ಹಕ್ಕಿತ್ತು. ಕರೆದಾಗ ಮಾತ್ರ ಬಂದು ತಲೆಯಾಡಿಸುವ ಸಮಿತಿ ಇದಾಗಿರಲಿಲ್ಲ. ಇಂಥ ಆಲೋಚನೆ ಅಬ್ಬೆಯವರೊಬ್ಬರದೇ ಎನ್ನುವಂತಿಲ್ಲ. ಬರ್ಲಿನ್ನಿನ ಹೈನ್ರಿಖ್ ಫ್ರೇಸೆ ಎಂಬ ಉದ್ಯಮಿ 1884ರಲ್ಲಿಯೇ ತಮ್ಮ ಕಾರ್ಖಾನೆಯಲ್ಲಿ ಕಾರ್ಮಿಕ ಪ್ರತಿನಿಧಿಗಳ ಪದ್ಧತಿಯನ್ನು ತಂದಿದ್ದರು, 1891ರ ಕಾನೂನು ಇಂಥ ಸಮಿತಿಗಳನ್ನು ರಚಿಸಿಕೊಳ್ಳಲು ಅವಕಾಶವನ್ನೂ ಕೊಟ್ಟಿತ್ತು. ಯೇನಾದ ಹೆಚ್ಚುಗಾರಿಕೆ ಬೇರೆಡೆ ಇದೆ. ಬೇರೆ ಕಡೆಗಳಲ್ಲಿ ಒಡೆಯನ ಮನಸ್ಸು ಬದಲಾದರೆ ಸಮಿತಿಯೂ ಮಾಯವಾಗಬಹುದಾಗಿತ್ತು. ಇಲ್ಲಿ ಮನಸ್ಸು ಬದಲಾಯಿಸಲು ಒಡೆಯನೇ ಇರಲಿಲ್ಲ.

ಎಂಟು ಗಂಟೆಯ ಪ್ರಯೋಗ

ಕಾರ್ಮಿಕರ ಅಭಿಪ್ರಾಯಕ್ಕೆ ಅಬ್ಬೆಯವರು ಎಷ್ಟು ಬೆಲೆ ಕೊಟ್ಟರೆಂಬುದು 1900ರ ಘಟನೆಯಿಂದ ತಿಳಿಯುತ್ತದೆ. ಅಲ್ಲಿಯವರೆಗೆ ಕಾರ್ಖಾನೆಯಲ್ಲಿ ಒಂಬತ್ತು ಗಂಟೆಯ ದುಡಿಮೆಯಿತ್ತು. ಅದನ್ನು ಎಂಟಕ್ಕಿಳಿಸುವ ಯೋಚನೆ ಬಂದಾಗ ಅಬ್ಬೆಯವರು ಆಜ್ಞೆ ಹೊರಡಿಸಿ ಸುಮ್ಮನಾಗಲಿಲ್ಲ. ಒಂಬತ್ತು ಗಂಟೆಯಲ್ಲಿ ಮಾಡುವಷ್ಟೇ ಕೆಲಸವನ್ನು ಎಂಟು ಗಂಟೆಯಲ್ಲಿ ಮಾಡಿ ಮುಗಿಸಬಲ್ಲೆವೆಂಬ ನಂಬಿಕೆ ನಿಮಗಿದೆಯೇ ಎಂಬ ಪ್ರಶ್ನೆಯನ್ನು ಕಾರ್ಮಿಕರ ಮುಂದಿಟ್ಟು ಮತ ಕೇಳಿದರು. ಬಹುದೊಡ್ಡ ಬಹುಮತ ಹೌದೆಂದಿತು. ಏಪ್ರಿಲ್ 1ರಿಂದ ಎಂಟು ಗಂಟೆಯ ದಿನ ಜಾರಿಗೆ ಬಂತು.

ವರ್ಷ ಕಳೆದ ಮೇಲೆ ವಿಜ್ಞಾನಿ ತನ್ನ ಪ್ರಯೋಗದ ಫಲವನ್ನು ಅಳೆದರು. ಮಾಡಿದ ಕೆಲಸದ ಲೆಕ್ಕದ ಮೇಲೆ ಕೂಲಿ ಪಡೆಯುತ್ತಿದ್ದ 233 ಅನುಭವಿ ಕೆಲಸಗಾರರ ಹಿಂದಿನ ವರ್ಷದ ಗಳಿಕೆಯನ್ನೂ ಹೊಸ ವರ್ಷದ ಗಳಿಕೆಯನ್ನೂ ಹೋಲಿಸಿದರು. ಎಂಟು ಗಂಟೆಯಲ್ಲಿ ಒಂಬತ್ತು ಗಂಟೆಯ ಕೆಲಸ ಆಗಬೇಕಾದರೆ ಪ್ರತಿ ಗಂಟೆಯ ಕೆಲಸ ಶೇ. 12.5ರಷ್ಟು ಹೆಚ್ಚಬೇಕು. ವಾಸ್ತವವಾಗಿ ಅದು ಶೇ. 16.2ರಷ್ಟು ಹೆಚ್ಚಿತ್ತು. ದಿನದ ಒಟ್ಟು ಕೆಲಸ ಕುಗ್ಗುವ ಬದಲು ಶೇ. 3ಕ್ಕೂ ಮಿಕ್ಕಿ ಬೆಳೆದಿತ್ತು. ದಣಿದ ದೇಹಕ್ಕೆ ವಿಶ್ರಾಂತಿ ಸಾಲದಿದ್ದರೆ ಆಯಾಸ ದಿನದಿಂದ ದಿನಕ್ಕೆ ಕೂಡುತ್ತ ಹೋಗುತ್ತದೆ. ಹಾಗೆ ಕೂಡಿದ ಆಯಾಸದಲ್ಲಿ ಮಾಡಿದ ಕೊನೆಯ ಗಂಟೆಯ ಕೆಲಸದಿಂದ ಯಾರಿಗೂ ಲಾಭವಿಲ್ಲ. ಇದು ಅವರ ವಿವರಣೆ. ಗಿರಣಿಯಲ್ಲಿ ನಿಂತು ಉಣ್ಣುತ್ತಿದ್ದ ತಂದೆಯ ನೆನಪನ್ನು ಅವರು ಹೇಳಿದ್ದು 1901ರ ಈ ಉಪನ್ಯಾಸದಲ್ಲಿಯೇ.

ಈ ಅಂಕಿಗಳಷ್ಟೇ ಮುಖ್ಯವಾದುದು ಅವುಗಳ ಹಿಂದಿನ ಮತದಾನ. ಹೊಸ ಪದ್ಧತಿಯನ್ನು ತಾವೇ ಆರಿಸಿಕೊಂಡ ಜನ ಅದನ್ನು ಗೆಲ್ಲಿಸುವ ಹೊಣೆಯನ್ನೂ ಹೊತ್ತರು. ಅದೇ ಎಂಟು ಗಂಟೆ ಮೇಲಿನಿಂದ ಇಳಿದ ಆಜ್ಞೆಯಾಗಿದ್ದರೆ ಫಲ ಇಷ್ಟೇ ಆಗುತ್ತಿತ್ತೇ ಎಂಬುದನ್ನು ಯಾವ ಲೆಕ್ಕವೂ ಹೇಳಲಾರದು. ಕೇಳಿ ಮಾಡಿದ ಬದಲಾವಣೆಗೂ ಹೇಳಿ ಮಾಡಿಸಿದ ಬದಲಾವಣೆಗೂ ಇರುವ ಅಂತರವನ್ನು ಯಾವುದೇ ಸಂಸ್ಥೆಯಲ್ಲಿ ದುಡಿದವರು ಅನುಭವದಿಂದ ಬಲ್ಲರು.

ಅರ್ಧ ದಾರಿ

ಇಷ್ಟಾದರೂ ಅಬ್ಬೆಯವರ ವ್ಯವಸ್ಥೆಯಲ್ಲಿ ಒಂದು ಗೆರೆಯಿತ್ತು. ಅದನ್ನು ಮರೆಮಾಚಿ ಅವರನ್ನು ಹೊಗಳುವುದು ಸರಿಯಲ್ಲ. ಕಾರ್ಮಿಕರ ಸಮಿತಿಗೆ ಹೇಳುವ ಹಕ್ಕಿತ್ತು, ನಿರ್ಧರಿಸುವ ಹಕ್ಕಿರಲಿಲ್ಲ. ಕೊನೆಯ ಮಾತು ಆಡಳಿತ ಮಂಡಳಿಯದು. ಅದರ ಮೇಲೆ ವೈಮಾರ್‌ನ ಸರ್ಕಾರದ ಮೂಲಕ ನಡೆಯುವ ಪ್ರತಿಷ್ಠಾನದ ಮೇಲ್ವಿಚಾರಣೆ. ಒಡೆತನವನ್ನು ಬಿಟ್ಟುಕೊಟ್ಟಾಗಲೂ ಅಬ್ಬೆಯವರು ಅದನ್ನು ಕಾರ್ಮಿಕರ ಕೈಗೆ ಕೊಡಲಿಲ್ಲ. ಸಮಾಜವಾದಿಗಳು ಈ ಕಾರಣಕ್ಕೆ ಅವರನ್ನು ಟೀಕಿಸಿದರು.

ಈ ಟೀಕೆಯಲ್ಲಿ ಹುರುಳಿದೆ. ಎಷ್ಟೇ ಗೌರವದಿಂದ ಕೇಳಿಸಿಕೊಂಡರೂ, ಬೇಡವೆಂದು ತಳ್ಳಿಹಾಕುವ ಅಧಿಕಾರ ಎದುರಿನವನಲ್ಲಿಯೇ ಉಳಿದಿದ್ದರೆ ಮಾತಿನ ತೂಕ ಅವನ ಸೌಜನ್ಯವನ್ನು ಅವಲಂಬಿಸುತ್ತದೆ. ಅಬ್ಬೆಯವರ ಪಕ್ಷದಲ್ಲಿಯೂ ಒಂದು ವಾದವಿದೆ. ಇಂದು ಕಾರ್ಖಾನೆಯಲ್ಲಿರುವ ಕಾರ್ಮಿಕರು ಮಾತ್ರ ಅದರ ವಾರಸುದಾರರಲ್ಲ. ಹಿಂದೆ ದುಡಿದು ಹೋದವರಿಗೂ ಮುಂದೆ ಬರಲಿರುವವರಿಗೂ ಅದರಲ್ಲಿ ಪಾಲಿದೆ. ಹಂಚಿಕೊಂಡರೆ ಒಂದೇ ತಲೆಮಾರಿನಲ್ಲಿ ಕರಗಬಹುದಾದ ಆಸ್ತಿಯನ್ನು ಯಾರೊಬ್ಬರದೂ ಅಲ್ಲದಂತೆ ಕಟ್ಟಿಡುವುದು ಅವರ ಉದ್ದೇಶವಾಗಿತ್ತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆದರೆ ಅಷ್ಟು ದೂರ ಯೋಚಿಸಬಲ್ಲವರು ಆಡಳಿತಗಾರರು ಮಾತ್ರ ಎಂದೇಕೆ ಭಾವಿಸಬೇಕು? ಎಂಟು ಗಂಟೆಯ ಮತದಾನದಲ್ಲಿ ಕಾರ್ಮಿಕರ ಅಂದಾಜು ನಿಜವಾದದ್ದನ್ನು ಅಳೆದು ತೋರಿಸಿದವರು ಅಬ್ಬೆಯವರೇ. ಆ ಮತದಾನ ಹಾಕಿದ ಪ್ರಶ್ನೆಗೆ ನಿಬಂಧನಾವಳಿಯಲ್ಲಿ ಉತ್ತರವಿಲ್ಲ.

ಅನಾರೋಗ್ಯದಿಂದ 1903ರಲ್ಲಿ ಆಡಳಿತದಿಂದ ನಿವೃತ್ತರಾದ ಅಬ್ಬೆಯವರು 1905ರ ಜನವರಿ 14ರಂದು ಯೇನಾದಲ್ಲಿ ನಿಧನರಾದರು. ಅವರ ಸ್ಮಾರಕ 1911ರಲ್ಲಿ ಜನತಾಭವನದ ಸಮೀಪದಲ್ಲಿ ತಲೆಯೆತ್ತಿತು. ಹೆನ್ರಿ ವಾನ್ ಡ ವೆಲ್ಡೆ ರೂಪಿಸಿದ ಎಂಟು ಮೂಲೆಯ ಆ ಮಂಟಪದೊಳಗೆ ಮ್ಯಾಕ್ಸ್ ಕ್ಲಿಂಗರ್ ಕಡೆದ ಅಬ್ಬೆಯವರ ಪ್ರತಿಮೆಯ ಜೊತೆಗೆ, ದುಡಿಯುವ ಜನರನ್ನು ಚಿತ್ರಿಸಿದ ಕಾನ್‌ಸ್ಟಾಂಟಿನ್ ಮ್ಯೂನಿಯೇ ಅವರ ಉಬ್ಬುಶಿಲ್ಪಗಳಿವೆ.

ಉಳಿದರ್ಧ ದಾರಿ

ಅಬ್ಬೆಯವರು ನಿಂತಲ್ಲಿಂದ ಮುಂದಿನ ದಾರಿಯನ್ನು ನಡೆದದ್ದು ಕಾರ್ಮಿಕ ಚಳವಳಿ ಮತ್ತು ಶಾಸನಸಭೆ. ಯುದ್ಧಕಾಲದ 1916ರ ಕಾನೂನು ದೊಡ್ಡ ಕಾರ್ಖಾನೆಗಳಲ್ಲಿ ಕಾರ್ಮಿಕರ ಸಮಿತಿಯನ್ನು ಕಡ್ಡಾಯಗೊಳಿಸಿತು. 1920ರ ಕಾಯಿದೆ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಕಡೆ ನೌಕರ ಮಂಡಳಿಯನ್ನು ತಂದಿತು. ನಾತ್ಸಿ ಆಡಳಿತ 1934ರಲ್ಲಿ ಅದನ್ನು ಅಳಿಸಿಹಾಕಿತು. ಯುದ್ಧಾನಂತರ ಪಶ್ಚಿಮ ಜರ್ಮನಿಯಲ್ಲಿ 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳ ಮೇಲ್ವಿಚಾರಣಾ ಮಂಡಳಿಗಳಲ್ಲಿ ಕಾರ್ಮಿಕರಿಗೆ ಸಮಪಾಲು ದೊರೆಯಿತು. 1952ರಲ್ಲಿ ನೌಕರ ಮಂಡಳಿಗಳು ಕಾಯಿದೆಯ ರೂಪದಲ್ಲಿ ಮರಳಿ ಬಂದವು. ಎರಡು ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನಗಳನ್ನು ನೌಕರರ ಪ್ರತಿನಿಧಿಗಳಿಗೆ ಕೊಟ್ಟದ್ದು 1976ರ ಕಾಯಿದೆ. ಅದೇ ವರ್ಷ ಭಾರತದಲ್ಲಿ ಸಂವಿಧಾನಕ್ಕೆ 43ಎ ವಿಧಿ ಸೇರಿ, ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸಬೇಕೆಂಬುದು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಯಿತು. ನಿರ್ದೇಶಕ ತತ್ತ್ವಕ್ಕೂ ನ್ಯಾಯಾಲಯದಲ್ಲಿ ಕೇಳಬಹುದಾದ ಹಕ್ಕಿಗೂ ಇರುವ ಅಂತರವನ್ನು ನಾವು ಬಲ್ಲೆವು.

ಜೈಸ್ ಸಂಸ್ಥೆ 1945ರ ಬಳಿಕ ಪೂರ್ವ, ಪಶ್ಚಿಮಗಳಲ್ಲಿ ಎರಡಾಗಿ ಒಡೆದು, ಜರ್ಮನಿಯ ಏಕೀಕರಣದ ನಂತರ ಒಂದುಗೂಡಿತು. ಇಂದಿಗೂ ಅದರ ಒಡೆತನ ಪ್ರತಿಷ್ಠಾನದ್ದೇ. ಭಾರತದಲ್ಲಿ ಅದರ ಕೇಂದ್ರ ಬೆಂಗಳೂರಿನಲ್ಲಿದೆ.

ಬೆಂಗಳೂರಿನ ಕಚೇರಿಗಳಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದ ನನಗೆ, ಕೆಲಸದ ವೇಳೆಯನ್ನು ಬದಲಿಸಲು ಆಡಳಿತವು ನೌಕರ ಮಂಡಳಿಯ ಒಪ್ಪಿಗೆಗೆ ಕಾದು ಕುಳಿತದ್ದನ್ನು ಮೊದಲ ಸಲ ಕಂಡಾಗ ಅಚ್ಚರಿಯಾಗಿತ್ತು. ದಿನದ ಕೆಲಸ ಎಷ್ಟು ಹೊತ್ತಿಗೆ ಆರಂಭವಾಗಬೇಕು, ರಜೆಯ ಹಂಚಿಕೆ ಹೇಗಿರಬೇಕು, ನೌಕರರ ನಡವಳಿಕೆಯನ್ನು ಗಮನಿಸಬಲ್ಲ ತಂತ್ರಾಂಶವನ್ನು ಅಳವಡಿಸಬಹುದೇ ಎಂಬ ವಿಷಯಗಳಲ್ಲಿ ಮಂಡಳಿಯದು ಸಲಹೆಯ ಮಾತಲ್ಲ, ಸಮಾನ ತೀರ್ಮಾನದ ಅಧಿಕಾರ. ಅಬ್ಬೆಯವರ ಸಮಿತಿಗೆ ಇಲ್ಲದಿದ್ದುದು ಇದೇ.

ಈ ಹಕ್ಕು ಪೌರತ್ವವನ್ನು ಕೇಳುವುದಿಲ್ಲ. ಜರ್ಮನಿಯ ಸಂಸತ್ತಿಗೆ ಮತ ಹಾಕಲಾಗದ ಭಾರತೀಯ ಪಾಸ್‌ಪೋರ್ಟಿನವರೂ ತಮ್ಮ ಕಚೇರಿಯ ನೌಕರ ಮಂಡಳಿಗೆ ಮತ ಹಾಕಬಹುದು. ಹದಿನೆಂಟು ತುಂಬಿ, ಆರು ತಿಂಗಳು ಕೆಲಸ ಮಾಡಿದ್ದರೆ ಚುನಾವಣೆಗೂ ನಿಲ್ಲಬಹುದು. ಉನ್ನತ ಆಡಳಿತಾಧಿಕಾರಿಗಳು ಮಾತ್ರ ಇದಕ್ಕೆ ಹೊರತು. ವಿದೇಶಿ ನೌಕರರಿಗೆ ಈ ಸಮಾನತೆ ಪೂರ್ಣವಾಗಿ ದೊರೆತದ್ದು 1972ರ ಕಾಯಿದೆಯಿಂದ. ಐದು ಮಂದಿ ಕಾಯಂ ನೌಕರರಿರುವ ಸಂಸ್ಥೆಯಲ್ಲಿಯೂ ಮಂಡಳಿಯನ್ನು ರಚಿಸಬಹುದು. ಆದರೆ ಅದು ತಾನಾಗಿ ಹುಟ್ಟುವುದಿಲ್ಲ, ನೌಕರರು ಮುಂದಾಗಿ ಚುನಾವಣೆ ನಡೆಸಬೇಕು. ನಾಲ್ಕು ವರ್ಷಗಳಿಗೊಮ್ಮೆ ಮಾರ್ಚ್‌ನಿಂದ ಮೇ ತಿಂಗಳವರೆಗೆ ಈ ಚುನಾವಣೆಗಳು ನಡೆಯುತ್ತವೆ. ಭಾಷೆ ಸಾಲದು, ನಮಗೇಕೆ ಇವರ ಉಸಾಬರಿ ಎಂದು ಹಿಂದೆ ಸರಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಹುಟ್ಟನ್ನೂ ಧರ್ಮವನ್ನೂ ಲೆಕ್ಕಕ್ಕೆ ಹಿಡಿಯಬಾರದೆಂದು ಅಬ್ಬೆಯವರು 1896ರಲ್ಲಿ ಬರೆದಿಟ್ಟಾಗ ಅವರ ಕಣ್ಣ ಮುಂದೆ ಕರ್ನಾಟಕದಿಂದ ಬರುವ ಎಂಜಿನಿಯರುಗಳು ಇದ್ದಿರಲಾರರು. ಆದರೂ ಆ ಸಾಲು ನಮ್ಮನ್ನು ಒಳಗೊಳ್ಳುತ್ತದೆ. ಮಂಡಳಿಯ ಮುಂದಿನ ಚುನಾವಣೆಯ ಸೂಚನೆ ಕಚೇರಿಯ ಫಲಕದ ಮೇಲೆ ಕಂಡಾಗ ಅದನ್ನು ನಿಂತು ಓದುವುದರಿಂದ ನಮ್ಮ ಪಾಲಿನ ಕೆಲಸ ಆರಂಭವಾಗಬಹುದು.